"ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?": ಬಾರ್ಡರ್‌ಲೈನ್ ಕಾಯಿಲೆ ಮತ್ತು ನಮ್ಮ ಮನೆಗಳು

ಅದು 2018ರ ಆಟಿ ತಿಂಗಳು. ಶನಿವಾರ ಬರ್ತೇನೆ ಅಂತ ಅಕ್ಕನಿಗೆ ಹೇಳಿದ್ದೆ. ಅದೇ ದಿನ ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡಿ, "ಈ ವಾರ ಆಗುವುದಿಲ್ಲ ಅಕ್ಕಾ, ಮುಂದಿನ ವಾರ ನೋಡುವ" ಅಂದೆ. ಹ್ಞೂಂ ಅಂತ ಇಟ್ಟಳು. ಸಂಜೆಯೊಳಗೆ ನನ್ನ ಮೊಬೈಲಿನಲ್ಲಿ ಅವಳ 27 ಕಾಲ್ ಇದ್ದವು. ಮೊದಲು ಅಳು. ಆಮೇಲೆ ಬೈಗುಳ. "ನಾನು ಸತ್ತ ಮೇಲೆ ಬೊಜ್ಜದ ಊಟಕ್ಕೆ ಬಾ" ಅಂದಳು. ಅರ್ಧ ಗಂಟೆ ಕಳೆದು ಮತ್ತೆ ಫೋನ್, ಈ ಸಲ ತೀರಾ ಸಣ್ಣ ದನಿಯಲ್ಲಿ, ತಪ್ಪಾಯ್ತು, ನನ್ನನ್ನು ಬಿಟ್ಟು ಹೋಗಬೇಡ ಅಂತ. ನಾನು ಹೇಳಿದ್ದು ಒಂದೇ ಮಾತು: "ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ ಮಾರಾಯ್ತಿ?"

ಸಮಾಧಾನ ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ. ಆ ದಿನ ಅವಳು ಬೆಳಗ್ಗೆ ಮಳೆಯಲ್ಲಿ ನೆನೆದು ಕೆಸುವಿನ ಎಲೆ ಕೊಯ್ದು, ಅಕ್ಕಿ ಅರೆದು, ನನಗೆ ಅಂತ ಪತ್ರೊಡೆ ಬೇಯಿಸಿಟ್ಟು ಕೂತಿದ್ದಳು. ಅದು ನನಗೆ ಗೊತ್ತಾದದ್ದು ತಿಂಗಳುಗಳ ನಂತರ, ಮಂಗಳೂರಿನ ಒಬ್ಬರು ಡಾಕ್ಟರ ಎದುರು ಇಬ್ಬರೂ ಕೂತಾಗ.

ಅಕ್ಕನಿಗಿರುವ ಕಾಯಿಲೆಯ ಹೆಸರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಇಷ್ಟು ವರ್ಷ ಓದಿ, ಕೇಳಿ, ಅವಳ ಜೊತೆ ಬಸ್ಸಿನಲ್ಲಿ ಓಡಾಡಿ ತಿಳಿದದ್ದನ್ನು ನಮ್ಮ ಕಾಸರಗೋಡಿನ ಮನೆಗಳಿಗೆ ಅರ್ಥವಾಗುವ ಹಾಗೆ ಹೇಳಬೇಕು ಅಂತ ಬಹಳ ದಿನದಿಂದ ಆಸೆ ಇತ್ತು.

ಹೆಸರಿನಿಂದಲೇ ಗೊಂದಲ ಶುರುವಾಗುತ್ತದೆ. ಡಾಕ್ಟರು ಹೇಳಿದ್ದನ್ನು ಕೇಳಿ ಬಂದ ಅಮ್ಮ ಪಕ್ಕದ ಮನೆಯವರಿಗೆ, "ಹೆಚ್ಚೇನಿಲ್ಲ, ಬಾರ್ಡರಿನಲ್ಲಿ ಉಂಟಂತೆ" ಅಂದಿದ್ದರು. ಬಾರ್ಡರ್ ಶುಗರ್ ಅಂತೇವಲ್ವಾ, ಹಾಗೆ. ಸ್ವಲ್ಪ ಪಥ್ಯ ಮಾಡಿದರೆ ಸರಿಹೋಗುತ್ತದೆ ಅಂತ. ಅದು ಹಾಗಲ್ಲ. ಹಿಂದೆ ಮನಸ್ಸಿನ ಕಾಯಿಲೆಗಳನ್ನು ಎರಡು ದೊಡ್ಡ ಗುಂಪು ಮಾಡಿದ್ದರು. ಒಂದರಲ್ಲಿ ಆತಂಕ, ಭಯ, ಬೇಸರದವರು. ಇನ್ನೊಂದರಲ್ಲಿ ಇಲ್ಲದ್ದು ಕಾಣುವ, ಕೇಳಿಸುವ, ವಾಸ್ತವದ ಅರಿವೇ ತಪ್ಪುವವರು. ಈ ಎರಡರಲ್ಲೂ ಸರಿಯಾಗಿ ಸೇರದೆ ನಡುವಿನ ಗೆರೆಯ ಮೇಲೆ ನಿಂತ ಹಾಗಿರುವವರಿಗೆ 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ಅಮೆರಿಕದ ಮನೋವಿಶ್ಲೇಷಕ ಬಾರ್ಡರ್‌ಲೈನ್ ಎಂಬ ಪದ ಬಳಸಿದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಈ ಹೆಸರು ಸೇರಿತು. ಗೆರೆಯ ವಿಚಾರ ಹಳತಾಗಿದೆ, ಹೆಸರು ಮಾತ್ರ ಉಳಿದಿದೆ. ಕಾಯಿಲೆ ಪೂರ್ತಿಯಾಗಿಯೇ ಇರುತ್ತದೆ, ಬಾರ್ಡರಿನಲ್ಲಿ ಅಲ್ಲ.

ಲಕ್ಷಣಗಳು ಒಟ್ಟು 9. ಬಿಟ್ಟುಹೋಗುತ್ತಾರೆ ಎಂಬ ಭಯ, ಇವತ್ತು ದೇವರು ನಾಳೆ ವೈರಿ ಅನ್ನುವಂಥ ಸಂಬಂಧಗಳು, ನಾನು ಯಾರು ಅಂತ ತನಗೇ ಗೊತ್ತಾಗದಿರುವುದು, ಹಿಂದೆಮುಂದೆ ನೋಡದೆ ಏನಾದರೂ ಮಾಡಿಬಿಡುವುದು, ತನಗೆ ತಾನೇ ನೋವು ಮಾಡಿಕೊಳ್ಳುವುದು ಅಥವಾ ಸಾಯುವ ಮಾತು, ಗಂಟೆಗೊಮ್ಮೆ ತಿರುಗುವ ಮನಸ್ಸು, ಒಳಗೆಲ್ಲ ಬರಿದು ಅನ್ನಿಸುವುದು, ತಡೆಯಲಾಗದ ಕೋಪ, ತೀರಾ ಒತ್ತಡ ಬಂದಾಗ ಎಲ್ಲರ ಮೇಲೆ ಅನುಮಾನ ಅಥವಾ ತಾನು ತನ್ನ ಮೈಯಲ್ಲೇ ಇಲ್ಲ ಅನ್ನಿಸುವುದು. ಇವುಗಳಲ್ಲಿ 5 ಇದ್ದರೆ, ಅದೂ ಹರೆಯದಿಂದ ಬಿಡದೆ ಇದ್ದರೆ, ಡಾಕ್ಟರು ಈ ಹೆಸರು ಹೇಳುತ್ತಾರೆ. 9ರಲ್ಲಿ 5 ಅಥವಾ ಅದಕ್ಕಿಂತ ಹೆಚ್ಚನ್ನು ಸೇರಿಸುವ ದಾರಿ 256 ಇವೆ. ಹಾಗಾಗಿ ಒಂದೇ ಕಾಯಿಲೆಯ ಇಬ್ಬರು ಹೆಂಗಸರನ್ನು ಪಕ್ಕಪಕ್ಕ ಕೂರಿಸಿದರೆ ಇಬ್ಬರಲ್ಲೂ ಇರುವ ಲಕ್ಷಣ ಒಂದೇ ಒಂದು ಅಂತಲೂ ಆಗಬಹುದು. ಯಾರದ್ದೋ ಕತೆ ಕೇಳಿ ನಮ್ಮ ಮನೆಯವಳಿಗೆ ಇದು ಇದೆ, ಇಲ್ಲ ಅಂತ ನಾವೇ ತೀರ್ಮಾನ ಮಾಡಬಾರದು.

ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವುದಾದರೆ, ಭಾವನೆಗೆ ಚರ್ಮ ಇಲ್ಲದ ಹಾಗೆ. ಸುಟ್ಟ ಮೈಯನ್ನು ಮೆಲ್ಲಗೆ ಮುಟ್ಟಿದರೂ ಉರಿಯುತ್ತದಲ್ವಾ? ಈ ಹೋಲಿಕೆ ಕೊಟ್ಟವರು ಮಾರ್ಶಾ ಲಿನಹನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ. ಈ ಕಾಯಿಲೆಗೆ ಇವತ್ತು ಹೆಚ್ಚು ಹೆಸರಾಗಿರುವ ಮಾತಿನ ಚಿಕಿತ್ಸೆ ಡಿಬಿಟಿಯನ್ನು (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಕಟ್ಟಿದವರೂ ಅವರೇ. ಹರೆಯದಲ್ಲಿ ತಾವೂ ಆಸ್ಪತ್ರೆಯಲ್ಲಿ ಬಹುಕಾಲ ಇಂಥದೇ ಸಂಕಟ ಪಟ್ಟವರು ಅಂತ 2011ರಲ್ಲಿ ಅವರು ಎಲ್ಲರೆದುರು ಹೇಳಿಕೊಂಡರು. ಅದನ್ನು ಓದಿದ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದ್ದೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ ಅವಳು, ಇಡಲೂ ಇಲ್ಲ.

ಲಿನಹನ್ ಹೇಳುವುದು ಹೀಗೆ. ಕೆಲವರು ಹುಟ್ಟುವಾಗಲೇ ಸೂಕ್ಷ್ಮ. ಬೇಗ ನೋಯುತ್ತದೆ, ಜಾಸ್ತಿ ನೋಯುತ್ತದೆ, ನೋವು ಇಳಿಯಲು ಹೊತ್ತು ಬೇಕು. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಶೇ. 40ರಿಂದ 50ರಷ್ಟು ಪಾಲು ರಕ್ತದಿಂದಲೇ ಬರುವಂಥದ್ದು. ಆದರೆ ಅದೊಂದೇ ಸಾಲದು. ಇಂಥ ಮಗು ಬೆಳೆಯುವ ಜಾಗದಲ್ಲಿ ಅದರ ಭಾವನೆಯನ್ನು ದಿನಾ ಸುಳ್ಳು ಮಾಡುತ್ತಿದ್ದರೆ ಕಾಯಿಲೆ ಬೇರು ಬಿಡುತ್ತದೆ. ಅಳುತ್ತಿರುವ ಮಗುವಿಗೆ "ಏನೂ ಆಗ್ಲಿಲ್ಲ", ಹೆದರಿದ ಮಗುವಿಗೆ "ಸುಮ್ನೆ ನಾಟಕ ಮಾಡ್ಬೇಡ", ಕೋಪ ಬಂದ ಹುಡುಗಿಗೆ "ಹೆಣ್ಣಿಗೆ ಇಷ್ಟು ಕೋಪ ಒಳ್ಳೇದಲ್ಲ". ಕೇಳಿ ಕೇಳಿ ಆ ಮಗುವಿಗೆ ತನ್ನೊಳಗೆ ಆಗುತ್ತಿರುವುದು ನಿಜವೋ ಸುಳ್ಳೋ ಗೊತ್ತಾಗದೆ ಹೋಗುತ್ತದೆ. ಸಣ್ಣಗೆ ಹೇಳಿದಾಗ ಯಾರೂ ಕಿವಿಗೊಡುವುದಿಲ್ಲ, ಕಿರುಚಿದಾಗ ಎಲ್ಲರೂ ಓಡಿ ಬರುತ್ತಾರೆ. ಆಗ ಅದು ಕಿರುಚುವುದನ್ನು ಕಲಿಯುತ್ತದೆ. ನಾನು ಆ ಶನಿವಾರ ಹೇಳಿದ "ಇಷ್ಟಕ್ಕೆಲ್ಲ" ಅನ್ನುವ ಮಾತನ್ನು ಅಕ್ಕ ಮೂವತ್ತೊಂದು ವರ್ಷದಿಂದ ಕೇಳುತ್ತಾ ಬಂದಿದ್ದಳು.

ಹಾಗಂತ ಎಲ್ಲ ತಪ್ಪನ್ನೂ ಅಮ್ಮಂದಿರ ತಲೆಗೆ ಕಟ್ಟಬೇಡಿ. ನಮ್ಮಮ್ಮ ನಮ್ಮನ್ನು ಸಾಕಿದ್ದು ಬೀಡಿ ಕಟ್ಟಿ. ರಾತ್ರಿ ಚಿಮಿಣಿ ಬೆಳಕಿನಲ್ಲಿ ಕೂಡ ಅವರ ಬೆರಳು ನಿಂತದ್ದನ್ನು ನಾನು ನೋಡಿಲ್ಲ. ಅವರ ಅಳುವನ್ನು ಯಾರು ಕೇಳಿದ್ದರು ಅಂತ ಈಗ ಅನ್ನಿಸುತ್ತದೆ.

ಬಾಲ್ಯದ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಸೇರಿಸಿ ನೋಡಿದಾಗ, ಈ ಕಾಯಿಲೆ ಇರುವವರು ಬಾಲ್ಯದ ಹಿಂಸೆ, ನಿರ್ಲಕ್ಷ್ಯವನ್ನು ಹೇಳಿಕೊಳ್ಳುವ ಸಾಧ್ಯತೆ ಕಾಯಿಲೆ ಇಲ್ಲದವರಿಗಿಂತ ಸುಮಾರು 14 ಪಟ್ಟು ಜಾಸ್ತಿ ಅಂತ ಕಂಡುಬಂತು. ಶೇ. 71 ಮಂದಿ ಒಂದಾದರೂ ಅಂಥ ಅನುಭವ ಹೇಳಿದ್ದರು. ಹೊಡೆತಕ್ಕಿಂತ ಮುಂದೆ ನಿಂತದ್ದು ನಿರ್ಲಕ್ಷ್ಯ ಮತ್ತು ಮಾತಿನ, ಮನಸ್ಸಿನ ಹಿಂಸೆ. ಉಳಿದವರಿಗೆ ಅಂಥದ್ದು ಏನೂ ಆಗಿರಲಿಕ್ಕಿಲ್ಲ, ಅದೂ ನಿಜ. ಹೆಣ್ಣುಮಕ್ಕಳ ಮೇಲೆ ಮನೆಯೊಳಗೇ, ಗೊತ್ತಿರುವವರಿಂದಲೇ ನಡೆಯುವ ಲೈಂಗಿಕ ದೌರ್ಜನ್ಯವೂ ಈ ಲೆಕ್ಕದಲ್ಲಿ ಬರುತ್ತದೆ. ನಮ್ಮಲ್ಲಿ ಅದನ್ನು ಹುಡುಗಿ ಹೇಳಿದರೆ ಮೊದಲು ಬರುವ ಮಾತು "ಹೊರಗೆ ಹೇಳ್ಬೇಡ, ನಾಳೆ ಮದುವೆ ಆಗಬೇಕು" ಅಂತ. ದೌರ್ಜನ್ಯ ಒಂದು ಗಾಯವಾದರೆ, ಈ ಬಾಯಿ ಮುಚ್ಚಿಸುವುದು ಅದರ ಮೇಲೆ ಇನ್ನೊಂದು.

ಇನ್ನು ಹೆಂಗಸರಿಗೇ ಯಾಕೆ ಜಾಸ್ತಿ ಅನ್ನುವ ಪ್ರಶ್ನೆ. ಆಸ್ಪತ್ರೆಗಳಲ್ಲಿ ಈ ಹೆಸರು ಪಡೆಯುವವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಹೆಂಗಸರು ಅಂತ ಅಮೆರಿಕದ ವೈದ್ಯಕೀಯ ಕೈಪಿಡಿ ಬಹಳ ಕಾಲ ಹೇಳುತ್ತಾ ಬಂತು. ಆದರೆ 2008ರಲ್ಲಿ ಪ್ರಕಟವಾದ ಅಲ್ಲಿನದೇ ಒಂದು ದೊಡ್ಡ ಸಮೀಕ್ಷೆ, ಆಸ್ಪತ್ರೆ ಬಿಟ್ಟು ಮನೆಮನೆಗೆ ಹೋಗಿ ಕೇಳಿದಾಗ, ಗಂಡಸರು ಹೆಂಗಸರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಅಂದರೆ ಕಾಯಿಲೆ ಇಬ್ಬರಲ್ಲೂ ಇದೆ, ಹೆಸರು ಅಂಟುವುದು ಹೆಂಗಸರಿಗೆ. ಇದರಲ್ಲಿ ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮೂರಿನಲ್ಲಿ ಗಂಡಸು ಊಟದ ಬಟ್ಟಲು ಎಸೆದರೆ "ಅವನಿಗೆ ಸ್ವಲ್ಪ ಕೋಪ ಜಾಸ್ತಿ". ಕುಡಿದು ಬಿದ್ದರೆ ಕುಡಿತದ ಚಿಕಿತ್ಸೆಗೆ ಹೋಗುತ್ತಾನೆ, ಜಗಳ ಮಾಡಿದರೆ ಸ್ಟೇಷನ್‌ಗೆ. ಅದೇ ಬಟ್ಟಲನ್ನು ಸೊಸೆ ಎಸೆದರೆ ಮರುದಿನವೇ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ, ಕುಲೆಯ, ಅಂದರೆ ಪ್ರೇತದ, ಉಪದ್ರ ಅಂತ ನೂಲು ಕಟ್ಟಿಸುತ್ತಾರೆ, ಅದೂ ಆಗದಿದ್ದರೆ ತವರಿಗೆ ತಂದುಬಿಡುತ್ತಾರೆ. ಅಕ್ಕನಿಗೆ ಎರಡು ವರ್ಷ ನೂಲು ಕಟ್ಟಿಸಿದ್ದೆವು. ನಂಬಿಕೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಪ್ರಾರ್ಥನೆಯಿಂದ ಅಕ್ಕನಿಗೆ ಈಗಲೂ ಸಮಾಧಾನ ಸಿಗುತ್ತದೆ. ಆದರೆ ಆ ಎರಡು ವರ್ಷ ಅವಳು ಚಿಕಿತ್ಸೆ ಇಲ್ಲದೆ ಕಳೆದಳು.

ಮದುವೆ. ಈ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. "ಮದುವೆ ಮಾಡಿ, ಎಲ್ಲ ಸರಿಯಾಗ್ತದೆ" ಅಂತ ಅಕ್ಕನ ಇಪ್ಪತ್ತೆರಡನೇ ವಯಸ್ಸಿನಲ್ಲಿ ಹೇಳದವರೇ ಇರಲಿಲ್ಲ. ಬಿಟ್ಟುಹೋಗುತ್ತಾರೆ ಅನ್ನುವ ಭಯವೇ ಜೀವ ಹಿಂಡುವ ಹುಡುಗಿಯನ್ನು, ಗೊತ್ತಿರುವ ಒಂದೊಂದು ಮುಖವನ್ನೂ ಬಿಡಿಸಿ ಹೊಸ ಮನೆಗೆ ಕಳಿಸಿದೆವು. ನಾನು ಯಾರು ಅಂತಲೇ ಗಟ್ಟಿ ಇಲ್ಲದವಳಿಗೆ ಒಂದೇ ದಿನದಲ್ಲಿ ಸೊಸೆ, ಅತ್ತಿಗೆ, ಹೆಂಡತಿ ಆಗು ಅಂದೆವು. ಬಾವ ಆಗ ಗಲ್ಫಿನಲ್ಲಿದ್ದರು. ವರ್ಷಕ್ಕೊಂದು ತಿಂಗಳು ಬರುತ್ತಿದ್ದರು. ಅವರು ಹೊರಡುವ ದಿನ ಹತ್ತಿರ ಬಂದ ಹಾಗೆ ಅಕ್ಕ ಜಗಳ ತೆಗೆಯುತ್ತಿದ್ದಳು, ಬ್ಯಾಗಿನ ಬಟ್ಟೆ ತೆಗೆದು ಹೊರಗೆ ಹಾಕುತ್ತಿದ್ದಳು. ಅತ್ತೆಗೆ ಅದು ಹಠ. ಬಾವನಿಗೆ ಅನುಮಾನ. ಒಬ್ಬರಿಗೂ ಅದು ಭಯದ ಹಾಗೆ ಕಾಣಲಿಲ್ಲ, ನನಗೂ.

ಇಂಥ ಹೆಂಗಸರು ಹಿಂಸೆಯ ಸಂಬಂಧವನ್ನು ಬಿಟ್ಟು ಬರುವುದೂ ಕಷ್ಟ. ಒಂಟಿಯಾಗುವ ಭಯ ಹೊಡೆತದ ಭಯಕ್ಕಿಂತ ದೊಡ್ಡದಿರುತ್ತದೆ, ಕೈಯಲ್ಲಿ ದುಡ್ಡೂ ಇರುವುದಿಲ್ಲ. ಅವಳೂ ಕೂಗಾಡುತ್ತಾಳೆ ಅನ್ನುವ ಕಾರಣಕ್ಕೆ ಅವಳ ಮೇಲೆ ಆದದ್ದನ್ನು ಯಾರೂ ನಂಬುವುದಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಬೈಗುಳವನ್ನೂ, ಮನಸ್ಸಿಗೆ ಕೊಡುವ ಹಿಂಸೆಯನ್ನೂ ಹಿಂಸೆ ಅಂತಲೇ ಎಣಿಸುತ್ತದೆ, ಅದಕ್ಕೆ ಕಾಯಿಲೆ ಇದೆಯೋ ಇಲ್ಲವೋ ಅನ್ನುವುದು ಅಡ್ಡಿಯಲ್ಲ. ಕೇರಳದಲ್ಲಿ ಹೆಂಗಸರ ಸಹಾಯಕ್ಕೆ 181 ಇದೆ, ಹೆಂಗಸರ ಸ್ವಸಹಾಯ ಸಂಘಗಳ ಸರಕಾರಿ ಯೋಜನೆ ಕುಟುಂಬಶ್ರೀಯ ಸ್ನೇಹಿತಾ ಕೇಂದ್ರ ಪ್ರತಿ ಜಿಲ್ಲೆಯಲ್ಲೂ ಇದೆ, ನಮ್ಮಲ್ಲೂ.

"ಮೆಂಟಲ್ ಅಂತ ಸರ್ಟಿಫಿಕೇಟ್ ಸಿಕ್ಕಿದರೆ ಡೈವೋರ್ಸ್ ಸಲೀಸು" ಅಂತ ಹೆದರಿಸುವವರಿದ್ದಾರೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮಾನಸಿಕ ಕಾಯಿಲೆ ಒಂದು ಕಾರಣವಾಗಿ ಇರುವುದು ಹೌದು. ಆದರೆ ಕಾಯಿಲೆಯ ಹೆಸರು ತೋರಿಸಿದರೆ ಸಾಲದು, ಜೊತೆಯಲ್ಲಿ ಬಾಳಲಿಕ್ಕೇ ಆಗದಷ್ಟು ತೀವ್ರವಾಗಿದೆ ಅಂತ ಸಾಬೀತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಕೂಡ, ಕಾಯಿಲೆ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ಥಿಮಿತ ಇಲ್ಲದವಳು ಅಂತ ಅರ್ಥವಲ್ಲ ಅನ್ನುತ್ತದೆ. ಡಾಕ್ಟರ ಹತ್ತಿರ ಹೋಗದಂತೆ ತಡೆಯುವುದು ಎಷ್ಟೋ ಸಲ ಈ ಹೆದರಿಕೆಯೇ, ಅದಕ್ಕೇ ಇಷ್ಟು ಹೇಳಿದೆ.

ಆಸ್ಪತ್ರೆಯಲ್ಲಾದರೂ ಮರ್ಯಾದೆ ಸಿಗುತ್ತದೆ ಅಂದುಕೊಳ್ಳುತ್ತೇವೆ. ಒಂದು ರಾತ್ರಿ ಅಕ್ಕನನ್ನು ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದಾಗ ಅಲ್ಲಿದ್ದವರೊಬ್ಬರು ನಮಗೆ ಕೇಳುವ ಹಾಗೆಯೇ "ಪುನಃ ಬಂದ್ಳು" ಅಂದರು. ಗಮನ ಸೆಳೆಯಲು ಹೀಗೆ ಮಾಡುತ್ತಾಳೆ ಅನ್ನುವ ಮಾತು ಈ ಕಾಯಿಲೆಯವರ ಬೆನ್ನು ಬಿಡುವುದಿಲ್ಲ, ಓದಿದವರೂ ಅದನ್ನೇ ಹೇಳುತ್ತಾರೆ. ಅವಳು ಗಮನ ಬೇಡುತ್ತಿದ್ದಳು, ಹೌದು. ಬಾಯಾರಿದವರು ನೀರು ಬೇಡುವ ಹಾಗೆ. ಅದರಲ್ಲಿ ತಪ್ಪೇನಿದೆ?

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತೊಡಕು ಇದೆ, ಭಾಷೆ. ಮೊದಲ ಸಲ ತೋರಿಸಿದ ಡಾಕ್ಟರು ಒಳ್ಳೆಯವರೇ, ಮಲಯಾಳದಲ್ಲಿ ಸಮಾಧಾನವಾಗಿ ಕೇಳಿದರು. ಅಕ್ಕನಿಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ ಸಾಕಾಗುವಷ್ಟು ಮಲಯಾಳ ಬರುತ್ತದೆ. ಏನು ಕೇಳಿದರೂ "ಕುಳಪ್ಪಮಿಲ್ಲ", ತೊಂದರೆ ಇಲ್ಲ, ಅಂದಳು. ಹೊರಗೆ ಬಂದು ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯ ಸರಳಿಗೆ ಹಣೆ ಒತ್ತಿ ಕುಂಬಳೆವರೆಗೆ ಅತ್ತಳು. "ಹೊಟ್ಟೆಯೊಳಗೆ ಬರಿದು ಬರಿದು ಅಂತ ಅವರ ಭಾಷೆಯಲ್ಲಿ ಹೇಗೆ ಹೇಳುವುದು?" ಅಂತ ಕೇಳಿದಳು. ಕೆಮ್ಮು ಜ್ವರವನ್ನು ಯಾವ ಭಾಷೆಯಲ್ಲೂ ಹೇಳಬಹುದು. ಮಾತೇ ಔಷಧಿಯಾಗಿರುವ ಕಾಯಿಲೆಗೆ ಮನೆಮಾತು ಬೇಕು. ಈ ಕಾಯಿಲೆಗೆ ಅಂತಲೇ ಒಪ್ಪಿಗೆ ಪಡೆದ ಮಾತ್ರೆ ಒಂದೂ ಇಲ್ಲ. ಕೊಡುವ ಮಾತ್ರೆಗಳು ಜೊತೆಗಿರುವ ಖಿನ್ನತೆಗೆ, ಆತಂಕಕ್ಕೆ, ನಿದ್ದೆಗೆ. ಮುಖ್ಯ ಚಿಕಿತ್ಸೆ ಮಾತಿನದು, ವಾರವಾರವೂ, ತಿಂಗಳುಗಟ್ಟಲೆ. ಡಿಬಿಟಿ ಅಂದರೆ ಸುಮ್ನೆ ಕೂತು ಕಷ್ಟ ಹೇಳಿಕೊಳ್ಳುವುದಲ್ಲ, ಒಂದು ಥರದ ತರಗತಿ. ಉರಿ ಏರಿದಾಗ ಅನಾಹುತ ಮಾಡಿಕೊಳ್ಳದೆ ಆ ಹೊತ್ತನ್ನು ದಾಟುವುದು ಹೇಗೆ, ಈ ಕ್ಷಣದಲ್ಲಿ ನಿಲ್ಲುವುದು ಹೇಗೆ, ಭಾವನೆಗೆ ಹೆಸರಿಟ್ಟು ಅದನ್ನು ಇಳಿಸುವುದು ಹೇಗೆ, ಸಂಬಂಧ ಮುರಿಯದೆ ಬೇಕಾದ್ದನ್ನು ಕೇಳುವುದು ಹೇಗೆ ಅಂತ ಒಂದೊಂದಾಗಿ ಕಲಿಸುತ್ತಾರೆ.

ಹಾಗಾಗಿ ಮಂಗಳೂರು. ಹೋಗಿ ಬರಲು ಒಂದಿಡೀ ದಿನ, ಬಸ್ ಚಾರ್ಜು, ಫೀಸು, ಜೊತೆಗೆ ಒಬ್ಬರು, "ಪ್ರತಿ ವಾರ ಎಲ್ಲಿಗೆ ಹೋಗ್ತಾಳೆ" ಅನ್ನುವ ಊರಿನ ಕಣ್ಣು. 2020ರ ಮಾರ್ಚ್ ಕೊನೆಗೆ ಕೊರೊನಾ ಅಂತ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆದು ನಿಂತರು, ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಬಿಟ್ಟರು. ಅಕ್ಕನ ವಾರದ ಭೇಟಿಯೂ ನಿಂತಿತು. ಮೂರನೇ ವಾರ ಅವಳ ಥೆರಪಿಸ್ಟ್ ತಾವೇ ಫೋನ್ ಮಾಡಿದರು. ನೆಟ್‌ವರ್ಕ್ ಸಿಗುವುದು ತೋಟದ ಮೇಲಿನ ಗುಡ್ಡದಲ್ಲಿ ಮಾತ್ರ, ಅಲ್ಲಿ ಗೇರುಮರದ ಬುಡದಲ್ಲಿ ಕೂತು ಮಾತಾಡಿದಳು. ಅಲ್ಲಿಂದ ಮುಂದೆ ಫೋನಿನಲ್ಲೇ ನಡೆಯಿತು, ಈಗಲೂ ತಿಂಗಳಿಗೊಮ್ಮೆ ಹಾಗೇ.

ಇದು ಜೀವನಪೂರ್ತಿ ಬಿಡದ ಕಾಯಿಲೆ ಅಂತ ಹೆಚ್ಚಿನವರು ನಂಬಿದ್ದಾರೆ, ಅದು ತಪ್ಪು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ ಮತ್ತು ಜೊತೆಯವರು 290 ಮಂದಿಯನ್ನು ವರ್ಷಾನುಗಟ್ಟಲೆ ಬಿಡದೆ ಹಿಂಬಾಲಿಸಿ ನೋಡಿದರು. 10 ವರ್ಷದಲ್ಲಿ ಶೇ. 93 ಮಂದಿಗೆ ಕನಿಷ್ಠ ಎರಡು ವರ್ಷದ ಮಟ್ಟಿಗಾದರೂ ಕಾಯಿಲೆಯ ಲಕ್ಷಣಗಳು ಇಳಿದಿದ್ದವು. ಆದರೆ ಲಕ್ಷಣ ಇಳಿದು, ಜೊತೆಗೆ ಕೆಲಸ, ಆಪ್ತ ಸಂಬಂಧ ಎರಡೂ ಕೈಗೂಡಿದ್ದು ಅರ್ಧದಷ್ಟು ಮಂದಿಗೆ ಮಾತ್ರ. ಈ ಎರಡು ಸಂಖ್ಯೆಗಳ ನಡುವೆ ಇರುವುದೇ ನಾವು, ಅಂದರೆ ಮನೆ, ನೆರೆಕರೆ, ಕೆಲಸ ಕೊಡುವವರು. ಕಾಯಿಲೆ ತಾನಾಗಿ ಕಡಿಮೆಯಾದರೂ ಕೆಲಸ ತಾನಾಗಿ ಬರುವುದಿಲ್ಲ, ಕಳೆದ ಗೆಳತಿಯರು ತಾವಾಗಿ ವಾಪಸ್ ಬರುವುದಿಲ್ಲ.

ಅಕ್ಕನಿಗೆ ದಾರಿ ಸಿಕ್ಕಿದ್ದು ಕುಟುಂಬಶ್ರೀಯ ಅಯಲ್ಕೂಟದಲ್ಲಿ, ಅಂದರೆ ನೆರೆಕರೆಯ ಹೆಂಗಸರ ಗುಂಪಿನಲ್ಲಿ. ವಾರಕ್ಕೊಮ್ಮೆ ಸೇರುವುದು, ಸಣ್ಣ ಉಳಿತಾಯ, ಮಳೆಗಾಲಕ್ಕೆ ಮೊದಲು ಹಲಸಿನ ಹಪ್ಪಳ. ಮೊದಲ ಎರಡು ತಿಂಗಳು ಇಬ್ಬರ ಜೊತೆ ಜಗಳ ಆಯಿತು, ಇನ್ನು ಹೋಗುವುದಿಲ್ಲ ಅಂದಳು. ಅಲ್ಲಿನ ಹಿರಿಯರೊಬ್ಬರು ಮನೆಗೇ ಬಂದು, "ನೀನು ಬಾರದಿದ್ದರೆ ಲೆಕ್ಕ ಯಾರು ಬರೆಯುವುದು ಮಗಾ?" ಅಂದರು. ಕಾಯಿಲೆಯ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಅವಳು ಬೇಕು ಅಂತ ಹೇಳಿದರು ಅಷ್ಟೇ. ಈಗ ಲೆಕ್ಕದ ಪುಸ್ತಕ ಅಕ್ಕನ ಕೈಯಲ್ಲಿದೆ.

ಮನೆಯವರು ಏನು ಮಾಡಬೇಕು ಅಂತ ಕೇಳುವವರಿಗೆ ನಾನು ಆ ಶನಿವಾರವನ್ನೇ ಮತ್ತೆ ಹೇಳುತ್ತೇನೆ. ಇವತ್ತಾದರೆ ಹೀಗೆ ಹೇಳುತ್ತಿದ್ದೆ: "ಅಕ್ಕಾ, ನೀನು ಬೆಳಗ್ಗಿನಿಂದ ಕಾಯ್ತಾ ಇದ್ದಿ, ನಾನು ಬರುವುದಿಲ್ಲ ಅಂದೆ, ಬೇಜಾರಾಗದೆ ಇರ್ತದಾ? ಮುಂದಿನ ಶನಿವಾರ ಎಂಟೂವರೆಯ ಬಸ್ಸು ಹತ್ತುತ್ತೇನೆ. ಹತ್ತಿದ ಕೂಡಲೆ ಫೋನ್ ಮಾಡ್ತೇನೆ." ಬೈದದ್ದು ಸರಿ ಅಂತ ನಾನು ಒಪ್ಪಲಿಲ್ಲ, 27 ಸಲ ಫೋನ್ ಮಾಡು ಅಂತಲೂ ಹೇಳಲಿಲ್ಲ. ನೋವಾದದ್ದು ನಿಜ ಅಂದೆ, ಅಷ್ಟೇ. "ನೋಡುವ" ಅಂತ ತೇಲಿಸದೆ ಗಂಟೆ ಹೇಳಿದೆ. ಬೈಗುಳ ಜಾಸ್ತಿಯಾದರೆ "ಈಗ ಇಡ್ತೇನೆ, ಏಳು ಗಂಟೆಗೆ ನಾನೇ ಮಾಡ್ತೇನೆ" ಅಂತ ಹೇಳಿ ಇಡಬಹುದು. ಏಳಕ್ಕೆ ಮಾಡಲೇಬೇಕು. ನಮಗೂ ಸುಸ್ತಾಗುತ್ತದೆ, ಕೋಪ ಬರುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ನನಗೂ ಒಬ್ಬರ ಹತ್ತಿರ ಹೇಳಿಕೊಳ್ಳುವುದಿರುತ್ತದೆ.

ಸಾಯುವ ಮಾತು ಬಂದರೆ ಮಾತ್ರ "ಸುಮ್ನೆ ಹೆದರಿಸ್ತಾಳೆ" ಅಂತ ಬಿಡಬೇಡಿ. ಈ ಕಾಯಿಲೆಯಲ್ಲಿ ನಿಜವಾಗಿಯೂ ಜೀವಗಳು ಹೋಗುತ್ತವೆ. ಸಾಯಬೇಕು ಅನ್ನಿಸ್ತಾ ಇದೆಯಾ ಅಂತ ನೇರ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬಳನ್ನೇ ಬಿಡಬೇಡಿ, ಅಪಾಯ ಅನ್ನಿಸಿದರೆ ಕೂಡಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸು ಆಗ್ತದೆ ಅಂತ ಹಿಂಜರಿಯಬೇಡಿ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ 2017ರ ಕಾಯಿದೆ ನೋಡುತ್ತದೆ, ಅವರ ಆರೈಕೆ ಸರಕಾರದ ಹೊಣೆ ಅನ್ನುತ್ತದೆ. ಟೆಲಿ ಮಾನಸ್ ನಂಬರು 14416, ದಿನದ 24 ಗಂಟೆಯೂ ಉಚಿತ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಅದು ಸೇವೆ ಕೊಡುವ ಭಾಷೆಗಳಲ್ಲಿ ಕನ್ನಡವೂ ಇದೆ, ಕನ್ನಡದಲ್ಲೇ ಮಾತಾಡಬೇಕು ಅಂತ ಕೇಳಿ.

ಮನಸ್ಸು ತಣ್ಣಗಿರುವ ದಿನ ಕೂತು, ಉರಿ ಏರಿದಾಗ ಏನೇನು ಮಾಡುವುದು ಅಂತ ಒಂದು ಕಾಗದದಲ್ಲಿ ಬರೆದಿಡುವುದು ಬಹಳ ಒಳ್ಳೆಯದು, ಥೆರಪಿಸ್ಟ್ ಇದನ್ನು ಅಕ್ಕನಿಂದಲೇ ಬರೆಸಿದರು. ಅದನ್ನು ಅವಳು ಅಡುಗೆಮನೆಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದಾಳೆ. ಮೊದಲ ಸಾಲು, ಮುಖಕ್ಕೆ ತಣ್ಣೀರು. ಎರಡನೆಯದು, ಬಾವಿಕಟ್ಟೆವರೆಗೆ ಹತ್ತು ಸಲ ನಡೆಯುವುದು. ಮೂರನೆಯದು, ತಂಗಿಗೆ ಫೋನ್. ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಯಾವಾಗಲೋ ಆಮೇಲೆ ಸೇರಿಸಿದ್ದು: ಎತ್ತದಿದ್ದರೆ ಬಸ್ಸಿನಲ್ಲಿರಬಹುದು.